ಮೂವರು ಮಕ್ಕಳು, ಒಬ್ಬರಿಗಷ್ಟೇ ಟ್ಯೂಷನ್ ಹಣ: ಮೊದಲು ಯಾರಿಗೆ?

ಪ್ರಶ್ನೆ: ನಾವು ಕಾರವಾರ ಮತ್ತು ಅಂಕೋಲಾ ನಡುವಿನ ಹಳ್ಳಿಯವರು. ಮನೆಮಾತು ಕೊಂಕಣಿ, ಮಕ್ಕಳು ಓದುವುದು ಕನ್ನಡ ಮಾಧ್ಯಮದಲ್ಲಿ. ದೊಡ್ಡ ಮಗಳು ಒಂಬತ್ತನೆಯ ತರಗತಿ, ಮಗ ಆರನೆಯದು, ಚಿಕ್ಕವಳು ಎರಡನೆಯದು. ಮೂವರಿಗೂ ಗಣಿತ ಕಷ್ಟ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇರುವುದರಿಂದ ಮಗಳನ್ನು ಕಾರವಾರದ ಟ್ಯೂಷನ್‌ಗೆ ಸೇರಿಸೋಣ ಎಂದು ಮನೆಯವರು ಹೇಳುತ್ತಾರೆ. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ನಮ್ಮೂರಿನಲ್ಲೇ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಎಲ್ಲ ತರಗತಿಯ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ಸಂಜೆ ಪಾಠ ಹೇಳುತ್ತಾಳೆ. ಮೂವರಿಗೂ ಕೊಡುವಷ್ಟು ಹಣ ನಮ್ಮಲ್ಲಿಲ್ಲ. ಟ್ಯೂಷನ್‌ನಿಂದ ನಿಜಕ್ಕೂ ಪ್ರಯೋಜನವಿದೆಯೆ? ಇದ್ದರೆ ಮೊದಲು ಯಾರಿಗೆ?

ಉತ್ತರ: ಮಗನಿಗೆ.

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ವಿರುದ್ಧವಾದ ತೀರ್ಮಾನವೇ ಆಗುತ್ತದೆಂದು ಬಲ್ಲೆ. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಾಗ ಎಲ್ಲಿಂದಲೋ ಹಣ ಹೊರಡುತ್ತದೆ. ಆರನೆಯ ತರಗತಿಯ ಹುಡುಗ ಮಾತ್ರ ‘ಇನ್ನೂ ಸಣ್ಣವನು’ ಎಂಬ ಪಟ್ಟಿಯಲ್ಲೇ ಉಳಿದುಬಿಡುತ್ತಾನೆ. ಫಲಿತಾಂಶ ಬಂದ ದಿನ ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳಲ್ಲಿ ಯಾವುದು ಎಷ್ಟನೆಯ ಸ್ಥಾನಕ್ಕೆ ಬಂತೆಂದು ಊರೆಲ್ಲ ಮಾತನಾಡುತ್ತೇವೆ. ಆದರೆ ಆ ಫಲಿತಾಂಶದ ಬೇರು ಎಷ್ಟು ಹಿಂದಿನ ತರಗತಿಯಲ್ಲಿದೆ ಎಂದು ಹುಡುಕುವವರು ಕಡಿಮೆ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಹೆದರುವ ಮಗುವಿನ ನೋಟ್‌ಬುಕ್ ಹಿಡಿದು ಹಿಂದಕ್ಕೆ ಹೋಗುತ್ತಾ ಹೋದರೆ, ಎಡವಿದ ಜಾಗ ಬಹಳ ಸಲ ಐದರಿಂದ ಏಳನೆಯ ತರಗತಿಯೊಳಗೇ ಸಿಗುತ್ತದೆ. ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆ, ಉದ್ದ ಭಾಗಾಕಾರ. ಇವು ನಾಲ್ಕೂ ಗಟ್ಟಿಯಾಗಿದ್ದರೆ ಬೀಜಗಣಿತ ತಾನಾಗಿ ಬರುತ್ತದೆಂದು ಹೇಳಲಾರೆ; ಇವು ಇಲ್ಲದಿದ್ದರೆ ಬರುವುದಿಲ್ಲ ಎಂಬುದಂತೂ ಖಚಿತ.

ಇದು ನನ್ನ ಅನುಭವದ ಮಾತಷ್ಟೇ ಅಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ಬಗ್ಗೆ ಹಲವು ವರ್ಷಗಳ ಕಾಲ ಸಂಗ್ರಹಿಸಿದ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹತ್ತು–ಹನ್ನೆರಡನೆಯ ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಚೆನ್ನಾಗಿ ತಿಳಿದಿದ್ದ ಮಕ್ಕಳೇ ಐದಾರು ವರ್ಷಗಳ ಬಳಿಕ ಬೀಜಗಣಿತದಲ್ಲೂ ಒಟ್ಟಾರೆ ಗಣಿತದಲ್ಲೂ ಮುಂದಿದ್ದರು. ಮನೆಯ ಆದಾಯ, ತಂದೆ ತಾಯಿಯ ಓದು, ಮಗುವಿನ ಬುದ್ಧಿಮತ್ತೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ನಿಮ್ಮ ಮಗ ಸರಿಯಾಗಿ ಆ ವಯಸ್ಸಿನಲ್ಲಿದ್ದಾನೆ.

ಇನ್ನು ಟ್ಯೂಷನ್‌ನಿಂದ ಪ್ರಯೋಜನವಿದೆಯೆ ಎಂಬ ಪ್ರಶ್ನೆ. ಒಬ್ಬರಿಗೊಬ್ಬರು ಕೂತು ಕಲಿಸಿದರೆ ಸಾಧಾರಣ ವಿದ್ಯಾರ್ಥಿಯೂ ತರಗತಿಯ ಮುಂಚೂಣಿಗೆ ಬರಬಲ್ಲನೆಂದು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ, ಆದರೆ ಲಾಭ ಇದ್ದೇ ಇತ್ತು. ಗುಂಪು ಚಿಕ್ಕದಿದ್ದು, ಪಾಠ ವಾರಕ್ಕೆ ಮೂರು ದಿನವಾದರೂ ನಡೆದು, ಕಲಿಸುವವರು ಪದೇ ಪದೇ ಬದಲಾಗದೆ ಇದ್ದಲ್ಲಿ ಲಾಭ ಹೆಚ್ಚು. ಇವೆಲ್ಲ ಒಬ್ಬ ಶಿಕ್ಷಕ ಮಗುವಿನ ಯೋಚನೆಯನ್ನು ಹತ್ತಿರದಿಂದ ನೋಡುವ ಪಾಠದ ಬಗ್ಗೆ ಹೇಳಿದ ಮಾತುಗಳು. ಐವತ್ತು ಮಕ್ಕಳನ್ನು ಕೂರಿಸಿ ಶಾಲೆಯಲ್ಲಿ ಬೆಳಿಗ್ಗೆ ನಡೆದ ಪಾಠವನ್ನೇ ಸಂಜೆ ಮತ್ತೊಮ್ಮೆ ಗಟ್ಟಿ ಧ್ವನಿಯಲ್ಲಿ ನಡೆಸುವುದಕ್ಕೂ ನಾವು ಟ್ಯೂಷನ್ ಎಂದೇ ಹೇಳುತ್ತೇವೆ. ಬೆಳಿಗ್ಗೆ ತಲೆಗೆ ಹತ್ತದ್ದು ಸಂಜೆ ಹತ್ತಲು ಕಾರಣವೇನಿದೆ? ಹಳ್ಳದ ಕಾಲುಸಂಕದಲ್ಲಿ ನಡುವಿನ ಹಲಗೆ ಮುರಿದಿರುವಾಗ ಆಚೆ ದಡದಲ್ಲಿ ನಿಂತು ಎಷ್ಟು ಜೋರಾಗಿ ಕರೆದರೂ ಮಗು ದಾಟುವುದಿಲ್ಲ. ಯಾವ ಹಲಗೆ ಮುರಿದಿದೆ ಎಂದು ನೋಡುವುದೇ ಟ್ಯೂಷನ್ನಿನ ಮೊದಲ ಕೆಲಸ.

ನಿಮ್ಮೂರಿನ ಹುಡುಗಿ ಪಿಯುಸಿ ಮಾತ್ರ ಓದಿದವಳು ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಅದನ್ನು ಬಿಟ್ಟುಬಿಡಿ. 2000ದ ದಶಕದ ಆರಂಭದಲ್ಲಿ ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ ಎಂಬ ಕಾರ್ಯಕ್ರಮ ನಡೆಸಿತು. ಆಸುಪಾಸಿನಲ್ಲೇ ಇದ್ದ, ಪ್ರೌಢಶಾಲೆ ಮುಗಿಸಿದ ಯುವತಿಯರು ಮೂರು–ನಾಲ್ಕನೆಯ ತರಗತಿಯ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಅಕ್ಷರ ಮತ್ತು ಲೆಕ್ಕದ ಮೂಲ ಪಾಠಗಳನ್ನು ಕಲಿಸಿದರು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದ ತಂಡ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿತು. ಮಕ್ಕಳ ಅಂಕಗಳು ಏರಿದ್ದವು. ಅದರಲ್ಲೂ ತೀರಾ ಹಿಂದಿದ್ದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಅಲ್ಲಿ ಕಲಿಸಿದವರ ಕೈಯಲ್ಲಿ ದೊಡ್ಡ ಪದವಿ ಇರಲಿಲ್ಲ. ಮಗು ಎಲ್ಲಿದೆಯೋ ಅಲ್ಲಿಂದ ಶುರು ಮಾಡುವ ಸ್ವಾತಂತ್ರ್ಯವಿತ್ತು. ತರಗತಿಯ ಶಿಕ್ಷಕರಿಗೆ ಅದು ಸಿಗುವುದು ಕಷ್ಟ, ಅವರನ್ನು ಪಠ್ಯಕ್ರಮ ಹಿಂದಿನಿಂದ ದೂಡುತ್ತಿರುತ್ತದೆ.

ಈಗ ಮಗನ ವಿಷಯ. ಟ್ಯೂಷನ್‌ಗೆ ಕಳಿಸುವ ಮೊದಲು ಒಂದು ಹಾಳೆಯಲ್ಲಿ ಇವನ್ನು ಬರೆದು ಅವನ ಮುಂದಿಡಿ. ಪರೀಕ್ಷೆ ಎನ್ನಬೇಡಿ, ಪಕ್ಕದಲ್ಲಿ ಕೂತು ಬೈಯಬೇಡಿ. 403ರಲ್ಲಿ 158 ಕಳೆ. 432ನ್ನು 4ರಿಂದ ಭಾಗಿಸು. 0.4 ಮತ್ತು 0.35ರಲ್ಲಿ ಯಾವುದು ದೊಡ್ಡದು? 1/2 + 1/3 ಎಷ್ಟು? 8 + 4 = □ + 5, ಚೌಕದಲ್ಲಿ ಯಾವ ಸಂಖ್ಯೆ?

ಸರಿಯೋ ತಪ್ಪೋ ಎಂದಷ್ಟೇ ನೋಡಿ ಹಾಳೆ ಮಡಚಿಟ್ಟರೆ ಪ್ರಯೋಜನವಿಲ್ಲ. ಯಾವ ತಪ್ಪು ಉತ್ತರ ಬಂದಿದೆ ಎಂಬುದರಲ್ಲೇ ಎಲ್ಲ ಮಾಹಿತಿ ಇರುತ್ತದೆ. ಮೊದಲನೆಯದಕ್ಕೆ 355 ಎಂದು ಬರೆದಿದ್ದರೆ ಹುಡುಗ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದಾನೆ: 8ರಿಂದ 3, 5ರಿಂದ 0, 4ರಿಂದ 1. ಇದು ಅಜಾಗರೂಕತೆಯಲ್ಲ, ಅವನದೇ ಒಂದು ನಿಯಮ. ಅದನ್ನು ಬಹಳ ಶಿಸ್ತಿನಿಂದ ಪಾಲಿಸಿದ್ದಾನೆ. ‘ಸರಿಯಾಗಿ ಮಾಡು’ ಎಂದು ನೂರು ಸಲ ಹೇಳಿದರೂ ಅವನು ಅದನ್ನೇ ಸರಿಯಾಗಿ ಮಾಡುತ್ತಾನೆ. ಬಿಡಿ, ಹತ್ತು, ನೂರುಗಳ ಸ್ಥಾನಬೆಲೆಗೆ ಹಿಂದಿರುಗದೆ ಬೇರೆ ದಾರಿಯಿಲ್ಲ. ಭಾಗಾಕಾರಕ್ಕೆ 108ರ ಬದಲು 18 ಬಂದಿದ್ದರೆ ಅಲ್ಲೂ ಸ್ಥಾನಬೆಲೆಯದೇ ತೊಂದರೆ, ನಡುವಿನ ಸೊನ್ನೆ ಅವನಿಗೆ ಕಾಣಿಸಿಲ್ಲ. ಭಾಗಿಸುವ ಮೊದಲು ‘ನಾನೂರು ಗೋಲಿಯನ್ನು ನಾಲ್ವರಿಗೆ ಹಂಚಿದರೆ ಒಬ್ಬನಿಗೆ ನೂರಾದರೂ ಬರಬೇಕಲ್ಲ’ ಎಂದು ಅಂದಾಜು ಮಾಡುವ ಅಭ್ಯಾಸವಿದ್ದರೆ 18 ಎಂಬ ಉತ್ತರ ಅವನಿಗೇ ಅನುಮಾನ ಹುಟ್ಟಿಸುತ್ತದೆ.

0.35 ದೊಡ್ಡದು ಎನ್ನುವ ಮಕ್ಕಳು 35 ಮತ್ತು 4ನ್ನು ಹೋಲಿಸುತ್ತಿರುತ್ತಾರೆ. ಇವರಿಗೆ ರೂಪಾಯಿ–ಪೈಸೆ ಉದಾಹರಣೆ ಕೊಡುವವರಿದ್ದಾರೆ; ಪೈಸೆ ಕಂಡಿರದ ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ. ಮೀಟರ್ ಪಟ್ಟಿಯನ್ನೇ ಕೈಗೆ ಕೊಡಿ. 0.4 ಮೀಟರ್ ಎಲ್ಲಿ, 0.35 ಮೀಟರ್ ಎಲ್ಲಿ ಎಂದು ಬೆರಳಿಟ್ಟು ತೋರಿಸಲಿ.

1/2 + 1/3 = 2/5. ಈ ಉತ್ತರವನ್ನು ನಾನು ಎಷ್ಟು ಉತ್ತರ ಪತ್ರಿಕೆಗಳಲ್ಲಿ ನೋಡಿದ್ದೇನೋ! ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಹೆಚ್ಚಿನವರು ಕೂಡಲೇ ಲಸಾಅ ತೆಗೆಯುವ ಕ್ರಮವನ್ನು ಮತ್ತೆ ಹೇಳಿಕೊಡುತ್ತಾರೆ, ಹುಡುಗ 5/6 ಎಂದು ಬರೆಯುತ್ತಾನೆ, ಎಲ್ಲರಿಗೂ ಸಮಾಧಾನ. ಮುಂದಿನ ವಾರ ಮತ್ತೆ 2/5. ಏಕೆಂದರೆ ಅವನ ಮನಸ್ಸಿನಲ್ಲಿ ಭಿನ್ನರಾಶಿ ಒಂದು ಸಂಖ್ಯೆಯಾಗಿ ಕೂತೇ ಇಲ್ಲ, ಒಂದರ ಮೇಲೊಂದು ಇರುವ ಎರಡು ಸಂಖ್ಯೆಗಳಾಗಿ ಕೂತಿದೆ. ಅವನನ್ನು ಕೇಳಬೇಕಾದ ಪ್ರಶ್ನೆ ಬೇರೆ: ‘ಅರ್ಧಕ್ಕೆ ಇನ್ನೂ ಒಂದಿಷ್ಟು ಸೇರಿಸಿದೆ. ಬಂದ 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಕಡಿಮೆ ಎಂದು ಕಂಡುಕೊಂಡ ಮಗು ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಆ ಕ್ಷಣಕ್ಕಾಗಿಯೇ ಟ್ಯೂಷನ್ ಬೇಕಾದದ್ದು. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರ ಈ ಕ್ಷಣಕ್ಕಾಗಿ ಕಾಯಲು ಯಾವ ಶಿಕ್ಷಕರಿಗೂ ಸಮಯವಿರುವುದಿಲ್ಲ.

ಆದ್ದರಿಂದ ಮೊದಲ ಒಂದೂವರೆ ತಿಂಗಳು ಶಾಲೆಯ ಪಾಠವನ್ನು ಹಿಡಿಯುವ ಆತುರ ಬೇಡ ಎಂದು ಆ ಹುಡುಗಿಗೆ ಹೇಳಿ. ಸೊನ್ನೆಯಿಂದ ಎರಡರವರೆಗೆ ಒಂದು ಸಂಖ್ಯಾರೇಖೆ ಎಳೆದು ಅದರ ಮೇಲೆ ಅರ್ಧ, ಮುಕ್ಕಾಲು, 2/3, 5/4, 0.6 ಎಲ್ಲವನ್ನೂ ಗುರುತಿಸಲಿ. ಕಾಗದದ ಪಟ್ಟಿಗಳನ್ನು ಮಡಚಿ 1/2 ಮತ್ತು 2/4 ಒಂದೇ ಉದ್ದವೆಂದು ನೋಡಲಿ. ಸರ್ಕಾರಿ ಶಾಲೆಯಾದರೆ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ಅಲ್ಲಿರಬಹುದು. ನಾಲ್ಕು–ಐದನೆಯ ತರಗತಿಗೆಂದು ಬಂದ ಆ ಪೆಟ್ಟಿಗೆಯಲ್ಲಿ ಭಿನ್ನರಾಶಿ ಪಟ್ಟಿಗಳಿವೆ. ಕೆಲವು ಶಾಲೆಗಳಲ್ಲಿ ಅದು ಹಾಳಾದೀತೆಂದು ಬೀರುವಿನಲ್ಲೇ ಭದ್ರವಾಗಿ ಕೂತಿರುತ್ತದೆ. ಒಂದು ಮಾತು ಕೇಳಿ ನೋಡಿ, ಶಿಕ್ಷಕರು ಬೇಡ ಎನ್ನಲಾರರು. ಆರನೆಯ ತರಗತಿಯವನಿಗೆ ಇದು ಅವಮಾನ ಎಂದುಕೊಳ್ಳಬೇಡಿ.

ಕೊನೆಯ ಲೆಕ್ಕದಲ್ಲಿ ಚೌಕದೊಳಗೆ 12 ಬರೆದಿದ್ದರೆ ಅವನಿಗೆ ಸಮ ಚಿಹ್ನೆಯೆಂದರೆ ‘ಉತ್ತರ ಇಲ್ಲಿ ಬರೆ’ ಎಂದರ್ಥ. ಎರಡೂ ಬದಿ ಒಂದೇ ಆಗಬೇಕು, ಹಾಗಾಗಿ 7 ಎಂದು ಹೊಳೆದಿಲ್ಲ. ಏಳನೆಯ ತರಗತಿಯ ಸರಳ ಸಮೀಕರಣ ಇಂಥ ಮಕ್ಕಳಿಗೆ ಮಂತ್ರದಂತೆ ಕೇಳಿಸುವುದು ಇದೇ ಕಾರಣಕ್ಕೆ.

ಚಿಕ್ಕವಳಿಗೆ ಟ್ಯೂಷನ್ ಬೇಡವೇ ಬೇಡ. ಎರಡನೆಯ ತರಗತಿಯ ಮಗುವಿಗೆ ಬೇಕಾದದ್ದು ಸಂಖ್ಯೆಗಳ ಒಡನಾಟ, ಅದು ಮನೆಯಲ್ಲೇ ಸಿಗುತ್ತದೆ. ನಿಮ್ಮ ಮನೆಮಾತು ಕೊಂಕಣಿ ಎಂದಿದ್ದೀರಿ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕನ್ನಡದ ಇಪ್ಪತ್ತೈದರಲ್ಲಿ ಹತ್ತುಗಳು ಮೊದಲು ಬರುತ್ತವೆ, ಬರೆಯುವುದೂ ಅದೇ ಕ್ರಮದಲ್ಲಿ. ಮನೆಯಲ್ಲಿ ಕೇಳುವ ಪಂಚ್ವೀಸ್‌ನಲ್ಲಿ ಐದು ಮೊದಲು ಬರುತ್ತದೆ. ಹೀಗಿರುವಾಗ ಮಗು 25ರ ಜಾಗದಲ್ಲಿ 52 ಬರೆದರೆ ದಡ್ಡತನವೆಂದು ತಿಳಿಯಬೇಡಿ. ಜರ್ಮನ್, ಡಚ್ ಭಾಷೆಗಳಲ್ಲೂ ಬಿಡಿಯೇ ಮೊದಲು ಬರುವುದರಿಂದ ಅಲ್ಲಿನ ಮಕ್ಕಳೂ ಶುರುವಿನಲ್ಲಿ ಹೀಗೆಯೇ ತಿರುವುಮುರುವು ಬರೆಯುತ್ತಾರೆ. ತೆಂಗಿನ ಗರಿಯ ಹಿಡಿಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿಸಿ. ಎರಡು ಕಟ್ಟು, ಐದು ಬಿಡಿ ಕಡ್ಡಿ ಎಡದಿಂದ ಬಲಕ್ಕೆ ಇಟ್ಟು, ಎರಡೂ ಭಾಷೆಯಲ್ಲಿ ಹೇಳಿಸಿ, ಆಮೇಲೆ ಬರೆಸಿ. ಕೊಂಕಣಿಯನ್ನು ಬಿಡಿಸುವ ಅಗತ್ಯ ಖಂಡಿತ ಇಲ್ಲ. ಮೀನು ತಂದ ದಿನ ಬಂಗುಡೆ ಎಣಿಸಲಿ, ತೆಂಗಿನಕಾಯಿ ಇಳಿಸಿದ ದಿನ ಹತ್ತರ ರಾಶಿ ಮಾಡಲಿ, ರಾತ್ರಿ ಅಣ್ಣನೊಂದಿಗೆ ಹಾವು–ಏಣಿ ಆಡಲಿ.

ನಿಮಗೇ ಗಣಿತದ ಹೆದರಿಕೆ ಇದ್ದರೆ ಅವಳ ಹೋಂವರ್ಕಿನ ಪಕ್ಕದಲ್ಲಿ ದಿನವೂ ಕೂರಬೇಡಿ. ಇದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ. ಗಣಿತದ ಆತಂಕವಿರುವ ತಂದೆ ತಾಯಿ ಹೋಂವರ್ಕಿಗೆ ಪದೇ ಪದೇ ನೆರವಾದಾಗ ಒಂದು–ಎರಡನೆಯ ತರಗತಿಯ ಮಕ್ಕಳು ಆ ವರ್ಷ ಕಡಿಮೆ ಕಲಿತರು, ಆತಂಕವನ್ನೂ ಅಂಟಿಸಿಕೊಂಡರು ಎಂದು ಅಮೆರಿಕದ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಆಟಕ್ಕೆ ಕೂರಿ, ಎಣಿಕೆಗೆ ಕೂರಿ. ಪುಸ್ತಕವನ್ನು ಶಾಲೆಗೆ ಬಿಡಿ.

ಈಗ ಒಂಬತ್ತನೆಯ ತರಗತಿಯ ಮಗಳು. ಅವಳನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ದಿನವೂ ಕತ್ತಲಾದ ಮೇಲೆ ಕಾರವಾರದಿಂದ ಬಸ್ಸಿಗೆ ಕಾಯುವ ಟ್ಯೂಷನ್ ಅವಳಿಗೆ ಬೇಡ ಎನ್ನುತ್ತಿದ್ದೇನೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಬಸ್ಸುಗಳು ಯಾವಾಗ ಬರುತ್ತವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ದಾರಿಯಲ್ಲಿ ಕಳೆಯುವ ಹೊತ್ತಿನಲ್ಲಿ ಅವಳು ಮನೆಯಲ್ಲಿ ಕೂತು ನಾಲ್ಕು ಲೆಕ್ಕ ಬಿಡಿಸಬಹುದು, ನಿದ್ದೆಯನ್ನಾದರೂ ಮಾಡಬಹುದು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎನ್ನುತ್ತದೆ. ಇನ್ನು, ಶಾಲೆಯ ಶಿಕ್ಷಕರನ್ನೇ ಮನೆಪಾಠಕ್ಕೆ ಒಪ್ಪಿಸೋಣ ಎಂದು ಯೋಚಿಸಿದ್ದರೆ ಅದನ್ನೂ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಸೆಕ್ಷನ್ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಶಾಲೆಯಲ್ಲಿ ಬಿಡುವಿನ ವೇಳೆ ಸಂಶಯ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಆದರೆ ಕೇಳುವ ಮಕ್ಕಳೇ ಇಲ್ಲ ಎಂಬುದು ಬೇರೆ ಮಾತು.

ಈ ವಯಸ್ಸಿನಲ್ಲಿ ಕಷ್ಟ ಎರಡು ಬಗೆಯದು. ಒಂದು, ಹಳೆಯ ಬಾಕಿ. −3 − 5 ಎಷ್ಟು ಎಂದು ಕೇಳಿ. ‘ಮೈನಸ್ ಮೈನಸ್ ಪ್ಲಸ್’ ಎಂದು 8 ಹೇಳಿದರೆ, ಗುಣಾಕಾರದ ನಿಯಮವನ್ನು ಕೂಡುವಲ್ಲಿಗೆ ಎಳೆದು ತಂದಿದ್ದಾಳೆ. (x + 3)² ಎಂದರೆ x² + 9 ಎಂದು ಬರೆದರೆ x ಬದಲು 1 ಹಾಕಿ ನೋಡು ಎನ್ನಿ: ಒಂದು ಕಡೆ 16, ಇನ್ನೊಂದು ಕಡೆ 10. ಈ ಬಾಕಿ ತೀರಿಸಲು ತಮ್ಮ ಹೋಗುವ ಅದೇ ಹುಡುಗಿಯ ಬಳಿ ವಾರಕ್ಕೊಂದು ದಿನ ಇವಳೂ ಕೂತರೆ ಸಾಕಾಗಬಹುದು.

ಎರಡನೆಯದು, ಪ್ರಶ್ನೆ ಓದಿದ ಮೇಲೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಕೂರುವುದು. ಟ್ಯೂಷನ್ ಹೆಚ್ಚಾದಷ್ಟೂ ಇದು ಹೆಚ್ಚುವುದನ್ನು ಕಂಡಿದ್ದೇನೆ. ಬೋರ್ಡಿನ ಮೇಲೆ ಶಿಕ್ಷಕರು ಬಿಡಿಸುತ್ತಾರೆ, ಮಕ್ಕಳು ಅಂದವಾಗಿ ನಕಲು ಮಾಡುತ್ತಾರೆ, ನೋಡುವಾಗ ಎಲ್ಲವೂ ಅರ್ಥವಾದಂತೆ ಇರುತ್ತದೆ, ಖಾಲಿ ಹಾಳೆಯ ಮುಂದೆ ಕೂತಾಗ ಏನೂ ಇಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಹೊನ್ನಾವರದಲ್ಲಿ ಕೊಂಕಣ ರೈಲ್ವೆಯ ಶರಾವತಿ ಸೇತುವೆ ಸುಮಾರು 2,065 ಮೀಟರ್ ಉದ್ದವಿದೆ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬರುವ 535 ಮೀಟರ್ ಉದ್ದದ ರೈಲು ಅದನ್ನು ದಾಟಲು ಎಷ್ಟು ಹೊತ್ತು? ವೇಗ ಸೆಕೆಂಡಿಗೆ 20 ಮೀಟರ್ ಎಂದು ಹೆಚ್ಚಿನವರು ತೆಗೆಯುತ್ತಾರೆ, 2,065ನ್ನು 20ರಿಂದ ಭಾಗಿಸಿ ಮುಗಿಸುತ್ತಾರೆ. ಆಗ ‘ರೈಲಿನ ಉದ್ದ ಕೂಡಿಸಬೇಕು, ಬರೆದುಕೋ’ ಎನ್ನುವುದು ಸುಲಭ. ಒಳ್ಳೆಯ ಶಿಕ್ಷಕಿ ಕೇಳುವುದು ಇಷ್ಟೇ: ‘ಎಂಜಿನ್ ಆಚೆ ದಡ ಮುಟ್ಟಿದಾಗ ಕೊನೆಯ ಬೋಗಿಯಲ್ಲಿ ಕೂತವರು ಎಲ್ಲಿರುತ್ತಾರೆ?’ ಆಮೇಲೆ ಬಾಯಿ ಮುಚ್ಚಿ ಕಾಯಬೇಕು. ಆ ಬೋಗಿ ಇನ್ನೂ ನೀರಿನ ಮೇಲೆಯೇ ಇದೆ ಎಂದು ಮಗುವೇ ಕಂಡುಕೊಂಡು, 2,600ನ್ನು 20ರಿಂದ ಭಾಗಿಸಿ, 130 ಸೆಕೆಂಡ್ ಎಂದು ಹೇಳಿದರೆ ಆ ಒಂದು ಲೆಕ್ಕ ಇಪ್ಪತ್ತು ನಕಲು ಲೆಕ್ಕಗಳಿಗೆ ಸಮ.

ಹಾಗಾಗಿ ಮಗಳಿಗೆ ಈ ವರ್ಷ ಬೇಕಾದದ್ದು ಇಬ್ಬರು ಗೆಳತಿಯರು, ಶನಿವಾರ ಮಧ್ಯಾಹ್ನ ಮತ್ತು ಬೆರಕೆ ಅಭ್ಯಾಸ. ಒಂದೇ ಅಧ್ಯಾಯದ ಹತ್ತು ಲೆಕ್ಕ ಸಾಲಾಗಿ ಬಿಡಿಸುವ ಬದಲು, ಬಹುಪದೋಕ್ತಿಯಿಂದ ಒಂದು, ತ್ರಿಭುಜದಿಂದ ಒಂದು, ಹೋದ ತಿಂಗಳ ಪಾಠದಿಂದ ಎರಡು. ಆಗ ಯಾವ ದಾರಿ ಹಿಡಿಯಬೇಕೆಂದು ಅವಳೇ ತೀರ್ಮಾನಿಸಬೇಕಾಗುತ್ತದೆ. ಎಸ್ಸೆಸ್ಸೆಲ್ಸಿಯ 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಅಧ್ಯಾಯದ ಹೆಸರನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಶುರುವಿನಲ್ಲಿ ಇದು ನಿಧಾನ, ತಪ್ಪು ಹೆಚ್ಚು, ಮಕ್ಕಳಿಗೆ ಇಷ್ಟವಾಗುವುದೂ ಇಲ್ಲ. ಬಿಡದೆ ಮಾಡಿಸಿ.

ಎಲ್ಲ ತರಗತಿಯವರೂ ಒಟ್ಟಿಗೆ ಕೂರುವ ನಿಮ್ಮೂರಿನ ಪಾಠದ ಬಗ್ಗೆ ಇಷ್ಟು ಕೇಳಿಕೊಳ್ಳಿ. ಅವಳ ಬಳಿ ಎಷ್ಟು ಮಕ್ಕಳು? ಹತ್ತಕ್ಕಿಂತ ಹೆಚ್ಚಿದ್ದರೆ ನಿಮ್ಮ ಮಗನ ನೋಟ್‌ಬುಕ್ ನೋಡಲು ಅವಳಿಗೆ ಪುರುಸೊತ್ತು ಸಿಗದು. ಆರನೆಯ ತರಗತಿಯ ಹುಡುಗ ನಾಲ್ಕನೆಯವರ ಜೊತೆ ಭಿನ್ನರಾಶಿ ಕಲಿಯಲು ಕೂರಬಹುದೇ? ಅವಳು ಒಪ್ಪಿದರೆ ಆ ಬೆರಕೆ ಗುಂಪೇ ಅನುಕೂಲ. ಮಟ್ಟ ನೋಡಿ ಕೂರಿಸಲು ಪಟ್ಟಣದ ಟ್ಯೂಷನ್‌ಗಿಂತ ಅಲ್ಲಿ ಸುಲಭ. ಶಾಲೆಯ ಹೋಂವರ್ಕ್ ಮುಗಿಸಿ ಕಳಿಸುವುದೇ ತನ್ನ ಕೆಲಸ ಎಂದು ಅವಳು ಹೇಳಿದರೆ ಹಣ ಕೊಡಬೇಡಿ. ಆನ್‌ಲೈನ್ ಪಾಠದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ಕೂತು ಇದನ್ನು ಬರೆಯುತ್ತಿರುವಾಗಲೇ ಕರೆಂಟು ಎರಡು ಸಲ ಹೋಯಿತು.

ಮಳೆಯ ರಜೆಗಳು ಬಂದಾಗ ಆ ಪಾಠವೂ ನಿಲ್ಲುತ್ತದೆ. ಆ ದಿನಗಳಲ್ಲಿ ಇಪ್ಪತ್ತು ನಿಮಿಷ ಅಕ್ಕನೇ ತಮ್ಮನಿಗೆ ಭಿನ್ನರಾಶಿ ಹೇಳಿಕೊಡಲಿ. ಹೇಳಿಕೊಡಲು ಕೂತಾಗ ತನಗೆ ಎಲ್ಲಿ ತಿಳಿದಿಲ್ಲ ಎಂಬುದು ಅವಳಿಗೂ ಕಾಣುತ್ತದೆ.

ದಸರಾ ರಜೆಯಲ್ಲಿ ಅದೇ ಐದು ಲೆಕ್ಕಗಳನ್ನು ಸಂಖ್ಯೆ ಬದಲಿಸಿ ಮಗನಿಗೆ ಮತ್ತೆ ಕೊಡಿ: 602 − 247, 535 ÷ 5, 0.7 ಮತ್ತು 0.68, 1/4 + 1/3, 9 + 6 = □ + 8. ಉತ್ತರ ಸರಿಯಿದ್ದರೆ ಸಾಲದು, ಏಕೆ ಹಾಗೆ ಎಂದು ಅವನು ಹೇಳಲಿ. ಹೇಳಿದರೆ ಅವನ ಟ್ಯೂಷನ್ ನಿಲ್ಲಿಸಿ, ಆ ಹಣವನ್ನು ಮಗಳ ಹತ್ತನೆಯ ತರಗತಿಗೆ ಎತ್ತಿಡಿ. ಹೇಳದಿದ್ದರೆ ಯುಗಾದಿಯವರೆಗೆ ಮುಂದುವರಿಸಿ. ಆದರೆ ಕಲಿಸುವ ಕ್ರಮ ಬದಲಾಗದೆ ಅಲ್ಲ.